ಚಿಪ್ಪಿನ ಕೆಳಗಿನ ಕೀಟ: ಕಬ್ಬಿನ ಶಲ್ಕ ಕೀಟವನ್ನು ನಾನು ಗುರುತಿಸಿದ ಬಗೆ

ಪಾಂಡವಪುರದ ಹತ್ತಿರ ನಮ್ಮ ದೊಡ್ಡಪ್ಪನ ಗದ್ದೆಯಲ್ಲಿ ಎರಡನೇ ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದ ಎರಡನೇ ಸಲ ಚಿಗುರಿದ ಬೆಳೆ, ನಿಂತಿತ್ತು. ನಾಲೆ ನೀರಿಗೂ ಗೊಬ್ಬರಕ್ಕೂ ಕೊರತೆಯಿರಲಿಲ್ಲ. ಆದರೂ ಗರಿಗಳು ತುದಿಯಿಂದ ಒಣಗುತ್ತಾ ಬಂದಿದ್ದವು, ಜಲ್ಲೆ ಸೊರಗಿತ್ತು. ದೊಡ್ಡಪ್ಪ ಒಂದು ಜಲ್ಲೆ ಮುರಿದು, ಅದಕ್ಕೆ ಅಂಟಿಕೊಂಡಿದ್ದ ತರಗನ್ನು ಬಿಡಿಸಿ ನನ್ನ ಕೈಗಿಟ್ಟರು. ಗಿಣ್ಣಿನ ಸುತ್ತ ಬೂದುಗಪ್ಪು ಹಕ್ಕಳೆ ಕಟ್ಟಿತ್ತು.

"ನೋಡವ್ವ, ಇದು ಹುಳವೋ ಬೂಷ್ಟೋ? ಅಂಗಡಿಯವರು ಹಿಟ್ಟು ತಿಗಣೆ ಎಂದು ಹೇಳಿ ಔಷಧಿ ಕೊಟ್ಟರು. ಎರಡು ಸಲ ಹೊಡೆಸಿದೆ, ಒಂದಿಷ್ಟೂ ಕಡಿಮೆಯಾಗಲಿಲ್ಲ."

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಹಿಟ್ಟು ತಿಗಣೆ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ ಎಲೆ ಮುದುಡಿಸಿ ತುಕ್ರಾ ಎಂಬ ತೊಂದರೆ ತರುವುದು ಅದೇ. ಬಿಳಿ ಹಿಟ್ಟಿನ ಕೆಳಗೆ ಗುಲಾಬಿ ಬಣ್ಣದ ಮೈ, ನಡೆದಾಡುವ ಕಾಲು. ಅದು ಇರುವಲ್ಲಿ ಸಿಹಿ ಅಂಟು ಸುರಿಯುತ್ತದೆ, ಅಂಟಿಗೆ ಇರುವೆ ಬರುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ಈ ಜಲ್ಲೆಯನ್ನು ಎಷ್ಟು ಸವರಿದರೂ ಬೆರಳಿಗೆ ಅಂಟಲಿಲ್ಲ. ಇರುವೆಯ ಸಾಲೂ ಇರಲಿಲ್ಲ. ಕವಚವಿರುವ ಶಲ್ಕ ಕೀಟಗಳು ಸಿಹಿ ಅಂಟು ಸುರಿಸುವುದಿಲ್ಲ ಎಂಬುದು ಆಗ ನೆನಪಿಗೆ ಬಂತು. ಭೂತಗನ್ನಡಿಯೂ ಬೇಕಿಲ್ಲದ ಈ ಒಂದು ಪರೀಕ್ಷೆಯನ್ನು ಕಬ್ಬು ಬೆಳೆಯುವ ಪ್ರತಿಯೊಬ್ಬರೂ ಮಾಡಿ ನೋಡಬೇಕೆಂದು ನನಗೆ ಅನ್ನಿಸುತ್ತದೆ.

ಬದುವಿನ ಮೇಲೆ ಕುಳಿತು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು, ಹಕ್ಕಳೆಯ ಅಂಚಿಗೆ ಸೂಜಿ ಕೊಟ್ಟು ಎತ್ತಿದೆ. ಸಾಸಿವೆ ಕಾಳಿನಷ್ಟಗಲದ ದುಂಡು ಚಿಪ್ಪೊಂದು ಡಬ್ಬಿಯ ಮುಚ್ಚಳದಂತೆ ಕಳಚಿಕೊಂಡಿತು. ಕೆಳಗೆ ಹಳದಿ ಬಣ್ಣದ, ಮೆತ್ತನೆಯ ಒಂದು ಚೀಲ. ಕಾಲಿಲ್ಲ, ರೆಕ್ಕೆಯಿಲ್ಲ, ತಲೆ ಯಾವುದು ಎದೆ ಯಾವುದು ಎಂದು ಹೇಳುವಂತಿಲ್ಲ. ಅದೇ ಬೆಳೆದ ಹೆಣ್ಣು. ಮೊಟ್ಟೆಯಿಂದ ಹೊರಬಂದಾಗ ಆರು ಕಾಲು, ಕಣ್ಣು, ಮೀಸೆ ಎಲ್ಲವೂ ಇದ್ದ ಮರಿ, ಜಾಗ ಹಿಡಿದು ಸೊಂಡಿಲು ಚುಚ್ಚಿದ ಮೇಲೆ ಪೊರೆ ಕಳಚುವಾಗ ಕಾಲುಗಳನ್ನೂ ಕಳೆದುಕೊಳ್ಳುತ್ತದೆ. ಕಳಚಿದ ಎರಡು ಪೊರೆಗಳನ್ನೂ ಮೇಣವನ್ನೂ ಸೇರಿಸಿ ತಲೆಯ ಮೇಲೆ ಸೂರು ಕಟ್ಟಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ ಸೂರು ಮಾತ್ರ.

ಅಂಗಡಿಯ ಔಷಧಿ ಸೋತದ್ದು ಏಕೆಂದು ಅಲ್ಲೇ ಅರ್ಥವಾಯಿತು. ಕೀಟದ ಮೇಲೆ ಚಿಪ್ಪು, ಚಿಪ್ಪಿನ ಮೇಲೆ ತರಗು. ಸಿಂಪಡಿಸಿದ್ದು ಒಳಗೆ ಇಳಿಯುವ ದಾರಿಯೇ ಇರಲಿಲ್ಲ. ಇನ್ನೊಂದು ಮಾತು: ಕೀಟ ಸತ್ತ ಮೇಲೂ ಚಿಪ್ಪು ಜಲ್ಲೆಯಲ್ಲೇ ಉಳಿಯುತ್ತದೆ. ನಾನು ಎತ್ತಿದವುಗಳಲ್ಲಿ ಎಷ್ಟೋ ಖಾಲಿ ಇದ್ದವು. ಮುಚ್ಚಳ ಎತ್ತದೆ ಚಿಪ್ಪುಗಳನ್ನು ಲೆಕ್ಕ ಹಾಕಿದರೆ ಆ ಲೆಕ್ಕವನ್ನು ನಂಬುವಂತಿಲ್ಲ.

ಹೆಸರು ತಿಳಿಯಬೇಕಾದರೆ ಸ್ಲೈಡ್ ಮಾಡಲೇಬೇಕು. ಜಲ್ಲೆಯ ಸಿಪ್ಪೆಯನ್ನು ಚಿಪ್ಪುಗಳ ಸಮೇತ ಕತ್ತರಿಸಿ, 70 ಶೇಕಡಾ ಆಲ್ಕೋಹಾಲಿನಲ್ಲಿಟ್ಟು ಮೈಸೂರಿಗೆ ತಂದೆ. ಮೊದಲ ಮೂರು ಸ್ಲೈಡ್‌ಗಳು ಕೆಟ್ಟವು. ದಪ್ಪಗೆ ಕಂಡ ಹೆಣ್ಣುಗಳನ್ನು ಆರಿಸಿದ್ದೇ ತಪ್ಪು. ಈ ಕೀಟದ ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಬಲಿಯುವುದರಿಂದ, ವಯಸ್ಸಾದ ಹೆಣ್ಣಿನೊಳಗೆ ಮರಿಗಳು ಕಾಲು ಮಡಚಿಕೊಂಡು ತುಂಬಿರುತ್ತವೆ. ನೋಡಬೇಕಾದದ್ದು ಅವುಗಳ ಹಿಂದೆ ಮರೆಯಾಗುತ್ತದೆ. ಆಗಷ್ಟೇ ಬೆಳೆದ ಎಳೆಯ ಹೆಣ್ಣುಗಳನ್ನು ಹುಡುಕಿ ತೆಗೆದೆ. ಮೈಯ ಪಕ್ಕದಲ್ಲಿ ಅತಿ ಸಣ್ಣ ಸೂಜಿಯಿಂದ ಒಂದು ತೂತು ಮಾಡಿ, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ, ಬಟ್ಟಲನ್ನು ಬಿಸಿನೀರಿನ ಮೇಲಿಟ್ಟೆ. ದ್ರಾವಣ ಕುದಿಯಬಾರದು, ಕುದಿದರೆ ಚರ್ಮ ಹರಿಯುತ್ತದೆ. ಒಳಗಿನ ಮಾಂಸ ಕರಗಿದ ಮೇಲೆ ಸೂಜಿಯ ಬೆನ್ನಿನಿಂದ ಮೆಲ್ಲಗೆ ಒತ್ತಿದರೆ ಹಾಲಿನಂಥ ದ್ರವ ತೂತಿನಿಂದ ಹೊರಬರುತ್ತದೆ, ಗಾಜಿನಷ್ಟು ತಿಳಿಯಾದ ಪೊರೆ ಉಳಿಯುತ್ತದೆ. ಈ ಹಂತದಲ್ಲಿ ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ. ಆಮೇಲೆ ತೊಳೆದು, ಆಸಿಡ್ ಫ್ಯೂಕ್ಸಿನ್ ಬಣ್ಣ ಹಿಡಿಸಿ, ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು, ಲವಂಗದ ಎಣ್ಣೆ ದಾಟಿಸಿ, ಕೆನಡಾ ಬಾಲ್ಸಂ ಎಂಬ ತಿಳಿಯಾದ ಅಂಟಿನಲ್ಲಿ ಕೂರಿಸಿದೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಣ್ಣು ಸೆಳೆದದ್ದು ಬಾಯಿ. ರಸ ಹೀರುವ ಎಳೆಗಳು ಮೈಗಿಂತ ಉದ್ದ; ಸುರುಳಿ ಸುತ್ತಿ ಇಟ್ಟ ದಾರದಂತೆ ಒಳಗೆ ಮಲಗಿದ್ದವು. ಆದರೆ ಹೆಸರು ಇರುವುದು ಇನ್ನೊಂದು ತುದಿಯಲ್ಲಿ. ಹೊಟ್ಟೆಯ ಕೊನೆಯ ಖಂಡಗಳು ಬೆಸೆದು ಆದ ಗಟ್ಟಿ ತಟ್ಟೆಗೆ ಪೈಜಿಡಿಯಂ ಎನ್ನುತ್ತಾರೆ. ಈ ತಟ್ಟೆಯಿದ್ದರೆ ಅದು ಡಯಾಸ್ಪಿಡಿಡೆ, ಅಂದರೆ ಕವಚವಿರುವ ಶಲ್ಕ ಕೀಟಗಳ ಕುಟುಂಬ. ಕೊಕ್ಕಾಯ್ಡಿಯ ಎಂಬ ದೊಡ್ಡ ಬಳಗದಲ್ಲಿ ಹಿಟ್ಟು ತಿಗಣೆಯೂ ಅರಗಿನ ಹುಳವೂ ಇದರ ನೆಂಟರು. ಇನ್ನೂ ದೂರ ಹೋದರೆ ಗಿಡಹೇನು, ಬಿಳಿನೊಣ. ತಟ್ಟೆಯ ಅಂಚಿನಲ್ಲಿ ನಾಲ್ಕು ಜೊತೆ ಹಾಲೆಗಳು ಹಲ್ಲಿನಂತೆ ಚಾಚಿದ್ದವು. ಹಾಲೆಗಳ ನಡುವಿನಿಂದ ಹಲವು ಗಟ್ಟಿ ಕಡ್ಡಿಗಳು ಬಾಚಣಿಗೆಯಂತೆ ಒಳಮುಖವಾಗಿ ಇಳಿದಿದ್ದವು. ಹಾಲೆಗಳ ಆಚೆಗೂ ಅಷ್ಟೊಂದು ಕಡ್ಡಿಗಳಿರುವುದು ಮೆಲನಾಸ್ಪಿಸ್ ಕುಲದ ಗುರುತು. ಆಸರೆ ಸಸ್ಯ ಕಬ್ಬು, ಚಿಪ್ಪು ದುಂಡು, ಬಣ್ಣ ಬೂದುಗಪ್ಪು. ಕೀಟಶಾಸ್ತ್ರ ಓದಿದ ಗೆಳತಿಗೆ ಸ್ಲೈಡ್ ತೋರಿಸಿದೆ. ಅವಳೂ ಮೆಲನಾಸ್ಪಿಸ್ ಗ್ಲೋಮರೇಟ ಎಂದಳು. 1903ರಲ್ಲಿ ಇದನ್ನು ಮೊದಲು ವರ್ಣಿಸಿದವರು ಸಿಲೋನಿನಲ್ಲಿ ಕೆಲಸ ಮಾಡಿದ ಇ. ಇ. ಗ್ರೀನ್. ಅವರು ಇಟ್ಟಿದ್ದ ಕುಲ ಬೇರೆ. ಅದಕ್ಕೇ ಇಂದು ಪ್ರಭೇದದ ಹೆಸರಾದ ಮೇಲೆ ಗ್ರೀನ್ ಹೆಸರನ್ನು ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ.

ಹೆಸರು ಸಿಕ್ಕ ಮೇಲೆ ದಾರಿಯೂ ಸಿಕ್ಕಿತು. ಕಬ್ಬಿನ ಶಲ್ಕ ಕೀಟ ಹೊಸ ಗದ್ದೆಗೆ ಹೋಗುವುದು ಹೆಚ್ಚಾಗಿ ಬಿತ್ತನೆ ತುಂಡುಗಳ ಮೇಲೆ ಕುಳಿತು. ಕೂಳೆ ಬಿಟ್ಟಷ್ಟೂ ಬೆಳೆಯುತ್ತದೆ. ತರಗು ಬಿಡಿಸಿದರೆ ಅದರ ಮರೆ ಹೋಗುತ್ತದೆ, ಶಲ್ಕ ಕೀಟಗಳನ್ನು ತಿನ್ನುವ ಮಿರುಗುವ ಕಪ್ಪು ಗುಲಗಂಜಿ ಹುಳು ಚಿಲೋಕೋರಸ್‌ಗೂ ದಾರಿಯಾಗುತ್ತದೆ. ದೊಡ್ಡಪ್ಪ ಮೂರನೇ ಕೂಳೆ ಬಿಡಲಿಲ್ಲ. ಕಬ್ಬನ್ನು ಬೇಗ ಕಡಿಸಿ ಆಲೆಮನೆಗೆ ಹಾಕಿ, ಉಳಿದ ತರಗನ್ನು ಗದ್ದೆಯಿಂದ ತೆಗೆಸಿದರು.

ಹೊಸ ನಾಟಿಗೆ ಬಿತ್ತನೆ ಕಬ್ಬು ನೋಡಲು ಮದ್ದೂರಿನ ಕಡೆಗೆ ಹೋದಾಗ ನಾನೂ ಜೊತೆಗಿದ್ದೆ. ಭೂತಗನ್ನಡಿ ನನ್ನ ಚೀಲದಲ್ಲೇ ಉಳಿಯಿತು. ದೊಡ್ಡಪ್ಪ ಬೇಲಿಯಿಂದ ಜಾಲಿ ಮುಳ್ಳೊಂದನ್ನು ಮುರಿದುಕೊಂಡು, ಪ್ರತಿ ಜಲ್ಲೆಯ ಸೋಗೆ ಬಿಡಿಸಿ, ಗಿಣ್ಣಿನ ಮೇಲೆ ಕಂಡ ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಹಳದಿ ಕಂಡ ಎರಡು ಜಲ್ಲೆಗಳನ್ನು ಪಕ್ಕಕ್ಕೆ ಹಾಕಿ, ಆ ಸಾಲನ್ನೇ ಬಿಟ್ಟು ಮುಂದಿನ ತಾಕಿಗೆ ನಡೆದರು.