ಬೆಕ್ಕಿದ್ದ ಮನೆಗೆ ಪೇಂಟ್ ಹೊಡೆಸುವ ಮುಂಚೆ

ಹಳೇ ಬಾಡಿಗೆಯವರು ಬೆಕ್ಕು ಸಾಕಿದ್ದರೆ, ಮನೆ ಖಾಲಿಯಾದ ಕೂಡಲೇ ಸುಮ್ನೆ ಗುಡಿಸಿ ಪೇಂಟ್ ಹೊಡೆಸಬೇಡಿ. ಮೊದಲು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಗೋಡೆ, ಫ್ಯಾನಿನ ರೆಕ್ಕೆ, ಕಿಟಕಿಯ ಸೊಳ್ಳೆ ಜಾಲರಿ ಎಲ್ಲ ಒರೆಸಿಸಿ. ಪರದೆ ಬಿಟ್ಟು ಹೋಗಿದ್ದರೆ ಬಿಸಿನೀರಲ್ಲಿ ಒಗೆಸಿ. ಸೀನು, ಉಬ್ಬಸ ತರುವುದು ಬೆಕ್ಕಿನ ಕೂದಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅಸಲಿಗೆ ಅದರ ಎಂಜಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಇದು ಕೂದಲಿಗೆ ಹತ್ತಿ, ಒಣಗಿ, ತೀರಾ ಸಣ್ಣ ಕಣಗಳಾಗಿ ಹಾರಿ ಗೋಡೆಗೂ ಅಂಟುತ್ತದೆ. ಬೆಕ್ಕು ಹೋಗಿ 4ರಿಂದ 6 ತಿಂಗಳಾದರೂ ಮನೆಯಲ್ಲಿ ಉಳಿಯಬಹುದು. ಒಣ ಪೊರಕೆ ಅದನ್ನು ಮತ್ತೆ ಗಾಳಿಗೆ ಎಬ್ಬಿಸುತ್ತದೆ, ಒದ್ದೆ ಬಟ್ಟೆ ಹಿಡಿದುಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆಗೆ ಈ ಉಪಾಯ ನಡೆಯಲ್ಲ, ಒರೆಸಿದರೆ ಸುಣ್ಣವೇ ಕಿತ್ತು ಬರುತ್ತದೆ. ಅಲ್ಲಿ ಕೆರೆಸಿ ಹೊಸದಾಗಿ ಬಳಿಸುವುದೇ ಸರಿ. ಹಳೇ ಸೋಫಾ, ಹಾಸಿಗೆ ಮನೆಯಲ್ಲೇ ಇದ್ದರೆ ಎಷ್ಟು ಒರೆಸಿದರೂ ಅಷ್ಟೇ, ಅವನ್ನು ಮೊದಲು ಸಾಗಿಸಿ. ಇನ್ನು ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಹತ್ತಿರದ ಮನೆಗಳಿಗೆ ಹೊಗೆ, ಬೂದಿ ಬರುತ್ತದೆ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಕಳೆ ಬೇರೆ. ಅಂಥ ಕಡೆ ಕೆಮ್ಮಿಗೆ ಪಾಪ ಬೆಕ್ಕೇ ಕಾರಣ ಅನ್ನಲಾಗದು. ಎಷ್ಟೇ ಒರೆಸಿದರೂ ಬೆಕ್ಕಿನ ಆ ಪ್ರೋಟೀನು ಪೂರ್ತಿ ಹೋಗುತ್ತದೆ ಅನ್ನೋ ಖಾತ್ರಿ ಇಲ್ಲ. ಹೊಸಬರ ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಅಡ್ವಾನ್ಸ್ ಇಸ್ಕೊಳ್ಳುವ ಮುಂಚೆಯೇ ಇಲ್ಲಿ ಬೆಕ್ಕಿತ್ತು ಅಂತ ಹೇಳಿಬಿಡಿ.