ನಿವೃತ್ತರ ಬಡಾವಣೆಯ ಮನೆಗೆ ಇಂದಿನ ಬೆಲೆ ಕಟ್ಟುವುದು ಹೇಗೆ?

2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮರುವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ಹೆದ್ದಾರಿಯ ಅಕ್ಕಪಕ್ಕ ದ್ರಾಕ್ಷಿ ತೋಟಗಳ ನಡುವೆ ನಿವೇಶನದ ಕಲ್ಲುಗಳು ಎದ್ದವು. ನಂದಿ ತಪ್ಪಲಿನ ತಂಪು ಗಾಳಿಯನ್ನು ಮೆಚ್ಚಿ ಬಂದ ನಿವೃತ್ತರು ಇಲ್ಲಿ ಮನೆ ಮಾಡಿಕೊಂಡರು. ಈಗ ಅವರ ಬಾಗಿಲಿಗೆ ಮಧ್ಯವರ್ತಿಗಳು ಬರುತ್ತಾರೆ. “ಯಜಮಾನರೇ, ನಿಮ್ಮ ಮನೆಗೆ ಕೋಟಿ ಕೊಡಿಸುತ್ತೇನೆ” ಎಂದು ಒಬ್ಬ ಹೇಳಿದರೆ, “ಹಳೆ ಮನೆ, ಅರ್ಧವೂ ಬರುವುದಿಲ್ಲ” ಎಂದು ಇನ್ನೊಬ್ಬ ಹೆದರಿಸುತ್ತಾನೆ.

ಪಿಂಚಣಿಯಲ್ಲಿ ಬದುಕುವವರಿಗೆ ಮನೆಯೇ ದೊಡ್ಡ ಇಡುಗಂಟು. ಮಾರುವುದಿರಲಿ, ಮಕ್ಕಳಿಗೆ ಪಾಲು ಮಾಡುವುದಿರಲಿ, ಅದರ ಬೆಲೆಯನ್ನು ಬೇರೆಯವರ ಬಾಯಿಂದ ಕೇಳಿ ನಂಬಬಾರದು. ಒಂದು ಹಾಳೆ, ಪೆನ್ನು, ಕ್ರಯಪತ್ರದ ನಕಲು ಇಟ್ಟುಕೊಂಡು ನೀವೇ ಲೆಕ್ಕ ಹಾಕಬಹುದು.

1. ನಿಮ್ಮ ಹೆಸರಿನಲ್ಲಿ ಇರುವುದೇನು?

ಕ್ರಯಪತ್ರದ ಕೊನೆಯ ಪುಟಗಳಲ್ಲಿರುವ ಷೆಡ್ಯೂಲ್, ಅಂದರೆ ಆಸ್ತಿಯ ವಿವರಪಟ್ಟಿ ತೆರೆಯಿರಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ ಎಂದು ಚಕ್ಕುಬಂದಿ ಬರೆದಿದ್ದರೆ ನೆಲ ಪೂರ್ತಿ ನಿಮ್ಮದು. ಫ್ಲ್ಯಾಟ್ ಆದರೆ ನೆಲದಲ್ಲಿ ನಿಮಗೆ ಸೇರಿದ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಅಲ್ಲಿರುತ್ತದೆ. ಕ್ರಯಪತ್ರವೇ ಇಲ್ಲ, ಠೇವಣಿ ಕಟ್ಟಿ ಬದುಕಿರುವವರೆಗೆ ವಾಸಿಸುವ ಒಪ್ಪಂದ ಮಾತ್ರ ಇದೆ ಎಂದಾದರೆ ಮುಂದಿನ ಲೆಕ್ಕ ನಿಮಗೆ ಅನ್ವಯಿಸದು. ಸುತ್ತಲಿನ ಬೆಲೆ ಎಷ್ಟೇ ಏರಲಿ, ನಿಮಗೆ ಬರುವುದು ಒಪ್ಪಂದದಲ್ಲಿ ಹಿಂದಿರುಗಿಸುತ್ತೇವೆ ಎಂದು ಬರೆದ ಮೊತ್ತವಷ್ಟೇ.

ಬಳಿಕ ಕೃಷಿ ಜಮೀನನ್ನು ವಸತಿಗೆ ಬಳಸಲು ಕೊಟ್ಟ ಭೂಪರಿವರ್ತನೆ ಆದೇಶ ಮತ್ತು ಇ-ಖಾತಾ ನೋಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಇದ್ದರೆ ನಿರಾಳ. ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಸಾಲ ಸಿಗದ ಮನೆಗೆ ಗಿರಾಕಿಗಳು ಕಡಿಮೆ, ಬಂದವರೂ ಚೌಕಾಸಿಗೆ ಇಳಿಯುತ್ತಾರೆ.

2. ಮಾರ್ಗಸೂಚಿ ದರ ಬರೆದುಕೊಳ್ಳಿ

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ಊರು, ಬಡಾವಣೆ ಆರಿಸಿದರೆ ದರ ಸಿಗುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಪರಿಷ್ಕೃತ ದರ ಜಾರಿಯಾಗಿದ್ದರಿಂದ ಹಳೆಯ ಕಾಗದದಲ್ಲಿರುವ ಅಂಕಿ ಬೇಡ. ಇದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಸರ್ಕಾರ ಹಾಕಿದ ತಳಪಾಯ, ಮಾರುಕಟ್ಟೆಯ ಬೆಲೆಯಲ್ಲ.

3. ನಡೆದ ಮಾರಾಟ ಹುಡುಕಿ

ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆ. ನಿಮಗೆ ಬೇಕಿರುವುದು ಕೊಂಡವರು ಕೊಟ್ಟ ಹಣ. ಕಳೆದ ಒಂದು ವರ್ಷದಲ್ಲಿ ನಿಮ್ಮದೇ ಬಡಾವಣೆಯಲ್ಲಿ ಕೈಬದಲಾದ ಮನೆಗಳ ಪಟ್ಟಿಯನ್ನು ನಿವಾಸಿಗಳ ಸಂಘದಲ್ಲಿ ಕೇಳಿ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲಿಗೆ ಶುಲ್ಕ ಕಟ್ಟಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಅದರಲ್ಲಿರುವ ಬೆಲೆಯನ್ನು ಚದರಡಿಗೆ ಇಳಿಸಿ. ಬಡಾವಣೆಯ ಒಳಗಿನ ಒಂದೇ ಒಂದು ಮಾರಾಟ, ಹೆದ್ದಾರಿ ಬದಿಯ ಹತ್ತು ಸೈಟುಗಳ ಸುದ್ದಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

4. ನೆಲ ಬೇರೆ, ಕಟ್ಟಡ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ಬೆಲೆ ಏರುವುದು ನೆಲಕ್ಕೆ, ಕಟ್ಟಡ ವರ್ಷ ವರ್ಷ ಸವೆಯುತ್ತದೆ.

ಉದಾಹರಣೆಗೆ 30×40 ನಿವೇಶನ, ಅದರಲ್ಲಿ 12 ವರ್ಷ ಹಳೆಯ ಒಂಬತ್ತು ಚದರದ ಮನೆ ಎಂದುಕೊಳ್ಳೋಣ. ನೆಲಕ್ಕೆ ಚದರಡಿಗೆ 2,500 ರೂ. ಎಂದಾದರೆ 1,200 ಚದರಡಿಗೆ 30 ಲಕ್ಷ ರೂ. ಇಂದು ಅಂಥದೇ ಮನೆ ಕಟ್ಟಲು ಚದರಡಿಗೆ 2,000 ರೂ. ಬೇಕೆಂದರೆ 900 ಚದರಡಿಗೆ 18 ಲಕ್ಷ ರೂ. ಕಾಂಕ್ರೀಟ್ ಕಟ್ಟಡದ ಆಯುಸ್ಸನ್ನು 60 ವರ್ಷ ಎಂದು ಹಿಡಿದು, ಕೊನೆಗೆ ಉಳಿಯುವ ಸಾಮಗ್ರಿಗೆಂದು ಶೇ 10 ಬಿಟ್ಟರೆ, 12 ವರ್ಷಕ್ಕೆ ಸವಕಳಿ ಶೇ 18. ಅಂದರೆ 3.24 ಲಕ್ಷ ರೂ. ಕಳೆದು ಕಟ್ಟಡಕ್ಕೆ 14.76 ಲಕ್ಷ, ಒಟ್ಟು 44.76 ಲಕ್ಷ ರೂ. ದರಗಳನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ.

ಇದೇ ಜಾಗದಲ್ಲಿ 450 ಚದರಡಿ ಅವಿಭಜಿತ ಪಾಲಿನ ಫ್ಲ್ಯಾಟ್ ಇದ್ದರೆ ನೆಲದ ಬೆಲೆ 11.25 ಲಕ್ಷ ಮಾತ್ರ. ನೆಲದ ದರ ಶೇ 10 ಏರಿದರೆ ಮನೆಯವರಿಗೆ ಮೂರು ಲಕ್ಷ ಕೂಡುತ್ತದೆ, ಫ್ಲ್ಯಾಟಿನವರಿಗೆ 1.125 ಲಕ್ಷ ರೂ. “ಏರಿಯಾದಲ್ಲಿ ರೇಟು ಏರಿದೆ” ಎಂಬ ಮಾತು ಎಲ್ಲರಿಗೂ ಒಂದೇ ಲಾಭ ತರುವುದಿಲ್ಲ.

5. ಬಡಾವಣೆಯ ನಿಯಮಗಳನ್ನು ಬೆಲೆಗೆ ಇಳಿಸಿ

ನಿವೃತ್ತರ ಬಡಾವಣೆ ಸಾಮಾನ್ಯ ಬಡಾವಣೆಗಿಂತ ಬೇರೆಯಾಗುವುದು ಇಲ್ಲಿಯೇ. ವಾಸಕ್ಕೆ ವಯಸ್ಸಿನ ಮಿತಿ ಇದೆಯೇ? ಇದ್ದರೆ ನಿಮ್ಮ ಗಿರಾಕಿಗಳ ವಲಯ ಕಿರಿದಾಯಿತು; ಮಕ್ಕಳಿಗೆ ಮನೆ ಬಂದರೂ ಅವರು ಅಲ್ಲಿ ಇರುವಂತಿಲ್ಲದಿರಬಹುದು. ಮಾರುವಾಗ ಬಿಲ್ಡರಿಗೇ ಮೊದಲು ಕೇಳಬೇಕೆಂಬ ಷರತ್ತು, ಹೆಸರು ವರ್ಗಾವಣೆ ಶುಲ್ಕ, ಠೇವಣಿಯಲ್ಲಿ ಕಡಿತ, ಇವೆಲ್ಲವನ್ನೂ ಒಪ್ಪಂದದಲ್ಲಿ ಹುಡುಕಿ ಗುರುತು ಹಾಕಿ.

ತಿಂಗಳ ನಿರ್ವಹಣಾ ಶುಲ್ಕವೂ ಬೆಲೆಯನ್ನು ತಿನ್ನುತ್ತದೆ. ಅಷ್ಟೇ ಸೌಲಭ್ಯವಿರುವ ಪಕ್ಕದ ಬಡಾವಣೆಗಿಂತ ನಿಮ್ಮಲ್ಲಿ 5,000 ರೂ. ಹೆಚ್ಚಿದ್ದರೆ ವರ್ಷಕ್ಕೆ 60,000, ಹತ್ತು ವರ್ಷ ಇರಲು ಬರುವವರಿಗೆ ಆರು ಲಕ್ಷ ರೂ. ಹೊರೆ. ಜಾಣ ಗಿರಾಕಿ ಅದನ್ನು ನಿಮ್ಮ ಬೆಲೆಯಲ್ಲೇ ಕಳೆಯುತ್ತಾನೆ. ಆದರೆ ಊಟದ ಮನೆ ಚೆನ್ನಾಗಿ ನಡೆಯುತ್ತಿದ್ದು, ರಾತ್ರಿ ಕರೆದರೂ ದಾದಿ ಬರುವ ವ್ಯವಸ್ಥೆ ಇದ್ದರೆ ಹೆಚ್ಚು ಶುಲ್ಕ ಕೊಡುವವರೂ ಇದ್ದಾರೆ. ಆ ಸೇವೆ ನಿಂತುಹೋದ ಬಡಾವಣೆಯಲ್ಲಿ ಮನೆ ಎಷ್ಟೇ ಚೆಂದವಿದ್ದರೂ ವಯಸ್ಸಾದವರು ಕೊಳ್ಳಲು ಅಂಜುತ್ತಾರೆ.

ನೀರನ್ನು ಮರೆಯಬೇಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಿದು. ಸಂಘದ ಲೆಕ್ಕಪುಸ್ತಕದಲ್ಲಿ ಹಿಂದಿನ ಬೇಸಿಗೆಗಳ ಟ್ಯಾಂಕರ್ ಬಿಲ್ಲು ನೋಡಿ. ಕೊಳವೆಬಾವಿ ಕೈಕೊಡದ, ಮಳೆನೀರು ಇಂಗಿಸುವ ಬಡಾವಣೆಯವರು ಆ ಬಿಲ್ಲುಗಳನ್ನೇ ಗಿರಾಕಿಗೆ ತೋರಿಸಿ ಬೆಲೆ ಹಿಡಿದು ನಿಲ್ಲಬಹುದು.

6. ಕೈಗೆ ಉಳಿಯುವುದು

ಮಧ್ಯವರ್ತಿಯ ಕಮಿಷನ್, ವರ್ಗಾವಣೆ ಶುಲ್ಕ, ಆದಾಯ ತೆರಿಗೆ ಕಳೆಯಿರಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದರೆ, ಹಣದುಬ್ಬರದ ಲೆಕ್ಕ ಹಿಡಿದು ಶೇ 20ರಂತೆ ಕಟ್ಟಿದಾಗ ತೆರಿಗೆ ಕಡಿಮೆಯಾಗುವುದೇ ಎಂದೂ ಲೆಕ್ಕ ಪರಿಶೋಧಕರಿಂದ ನೋಡಿಸಿ. ಅವಸರಕ್ಕೆ ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆಗೆ ಕೊಟ್ಟರೆ, ವ್ಯತ್ಯಾಸ ಶೇ 10 ದಾಟಿದಾಗ ಆದಾಯ ತೆರಿಗೆ ಇಲಾಖೆ ಮಾರ್ಗಸೂಚಿ ದರವನ್ನೇ ನಿಮ್ಮ ಮಾರಾಟದ ಬೆಲೆ ಎಂದು ಹಿಡಿಯುತ್ತದೆ. ಕೈಗೆ ಬಾರದ ಹಣಕ್ಕೂ ತೆರಿಗೆ ಬೀಳುತ್ತದೆ.

ಮಾರುವ ಮನಸ್ಸಿಲ್ಲ, ಖರ್ಚಿಗೆ ಹಣ ಬೇಕು ಎನ್ನುವ 60 ದಾಟಿದವರಿಗೆ ಬ್ಯಾಂಕುಗಳ ರಿವರ್ಸ್ ಮಾರ್ಟ್‌ಗೇಜ್ ಸಾಲವಿದೆ, ಅಂದರೆ ಮನೆಯಲ್ಲೇ ಇದ್ದುಕೊಂಡು ಅದನ್ನು ಅಡವಿಟ್ಟು ಹಣ ಪಡೆಯುವ ಸಾಲ. ಆಗ ಬ್ಯಾಂಕೇ ಮೌಲ್ಯಮಾಪಕರನ್ನು ಕಳುಹಿಸುತ್ತದೆ. ಅವರು ಬಂದಾಗ ನೀವು ಬರೆದ ಹಾಳೆಯನ್ನು ಮುಂದಿಟ್ಟು, ನೆಲಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು, ಸವಕಳಿ ಎಷ್ಟು ಹಿಡಿದಿದ್ದಾರೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ.