98,76,54,321ನ್ನು ಕೈಲೆಕ್ಕದಲ್ಲಿ ಬಿಡಿಸಿದ್ದು

ಒಂಬತ್ತರಿಂದ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ನಾನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದ್ದು ಪೆನ್ನು, ಕಾಗದ ಮತ್ತು ಎಂಟಂಕಿಯ ಕ್ಯಾಲ್ಕುಲೇಟರ್ ಇಟ್ಟುಕೊಂಡು. ಮೂಲ ಸಂಖ್ಯೆ ಅದರ ಪರದೆಯಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಮೊದಲ ಭಾಗಾಕಾರಗಳು ಕಾಗದದ ಮೇಲೆಯೇ.

ಅಂಕಿಗಳ ಮೊತ್ತ 45, ಆದ್ದರಿಂದ 9 ಹೋಗುತ್ತದೆ: 10,97,39,369. ಇದರ ಅಂಕಿಗಳ ಮೊತ್ತ 47, ಅಂದರೆ 3ರ ಲೆಕ್ಕ ಅಲ್ಲಿಗೆ ಮುಗಿಯಿತು. 7, 11, 13 ಮೂರನ್ನೂ ಒಟ್ಟಿಗೆ ನೋಡಲು ಮೂರು ಮೂರು ಅಂಕಿ ಕಡಿದು 987 − 654 + 321 = 654 ಮಾಡಿದೆ; 7×11×13 = 1001 ಆಗಿರುವುದರಿಂದ ಇದು ನಡೆಯುತ್ತದೆ. 654 ಮೂರಕ್ಕೂ ಭಾಗವಾಗುವುದಿಲ್ಲ. ಇಲ್ಲಿ ನಮ್ಮ ಲಕ್ಷ-ಕೋಟಿಯ ಅಲ್ಪವಿರಾಮ ನೋಡಿ ಕಡಿದರೆ ಉತ್ತರ ಕೆಡುತ್ತದೆ.

17ಕ್ಕೆ, ಕೊನೆಯ ಅಂಕಿಯ ಐದರಷ್ಟನ್ನು ಉಳಿದ ಭಾಗದಿಂದ ಕಳೆಯುತ್ತ ಬಂದೆ. 10973891, 1097384, 109718, 10931, 1088, 68. 68 ಎಂದರೆ 17×4. ಭಾಗಿಸಿದರೆ 64,55,257. ಇಲ್ಲಿ ಮುಂದಿನ ಅವಿಭಾಜ್ಯಕ್ಕೆ ಹಾರಬಾರದು. 17 ಇನ್ನೊಮ್ಮೆ ಹೋಗಿ 3,79,721 ಉಳಿಯುತ್ತದೆ. ಮೂರನೆಯ ಸಲ ಶೇಷ 9.

3,79,721ರ ವರ್ಗಮೂಲ 616ಕ್ಕಿಂತ ಸ್ವಲ್ಪ ಹೆಚ್ಚು. 19ರಿಂದ 613ರವರೆಗಿನ 105 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಬರೀ ಊಹೆ. ಯಾವುದೂ ಹೋಗುವುದಿಲ್ಲ, ಹಾಗಾಗಿ ಅದು ಅವಿಭಾಜ್ಯ.

98,76,54,321 = 3² × 17² × 3,79,721.

ಭಾಜಕಗಳು 3×3×2 = 18. ಅವುಗಳ ಮೊತ್ತ (1+3+9) × (1+17+289) × (1+3,79,721), ಅಂದರೆ 13 × 307 × 3,79,722 = 1,51,54,70,502; ಸಂಖ್ಯೆಯನ್ನೇ ಕಳೆದರೆ 52,78,16,181. ಮೂಲಕ್ಕಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ. ಇದರೊಂದಿಗೆ ಸಹ-ಅವಿಭಾಜ್ಯವಾದ (1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ), ಇದಕ್ಕಿಂತ ಚಿಕ್ಕ ಸಂಖ್ಯೆಗಳು 6 × 272 × 3,79,720 = 61,97,03,040. ಇಲ್ಲಿ 272 ಬರುವುದು 17×16ರಿಂದ; ಅಭ್ಯಾಸಬಲದಿಂದ 16×16 ಬರೆದುಬಿಡಬಾರದು. ದೇವಲಾಲಿಯ ಶಾಲಾ ಶಿಕ್ಷಕ ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆ (ತನ್ನ ಅಂಕಿಗಳ ಮೊತ್ತಕ್ಕೆ ಭಾಗವಾಗುವ ಸಂಖ್ಯೆ) ಇದಲ್ಲ, ಏಕೆಂದರೆ 1ರಲ್ಲಿ ಮುಗಿಯುವ ಸಂಖ್ಯೆ 45ಕ್ಕೆ ಭಾಗವಾಗದು.

ನನಗೆ ಹೆಚ್ಚು ರುಚಿಸಿದ್ದು ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯುವುದು. 17 ಮತ್ತು 3,79,721 ಎರಡನ್ನೂ 4ರಿಂದ ಭಾಗಿಸಿದರೆ ಶೇಷ 1. ಶೇಷ 3 ಕೊಡುವ 3 ಸಮ ಘಾತದಲ್ಲಿದೆ. ಹಾಗಾಗಿ ಸಾಧ್ಯವಿರಲೇಬೇಕು. 3,79,721ನ್ನು 8ರಿಂದ ಭಾಗಿಸಿದರೂ ಶೇಷ 1, ಆದ್ದರಿಂದ ಅದರ ಎರಡು ವರ್ಗಗಳಲ್ಲಿ ಒಂದು 4ರ ಗುಣಕವೊಂದರ ವರ್ಗವೇ ಆಗಬೇಕು. ಮೊದಲು 20ರ ಗುಣಕಗಳನ್ನು ಹಿಡಿದೆ, 3ಕ್ಕೆ ಭಾಗವಾಗುವವನ್ನು ಬಿಟ್ಟು. 20, 40 ಆಗಲಿಲ್ಲ. 80ಕ್ಕೆ ಸಿಕ್ಕಿತು: 611² + 80². 611, 80 ಎರಡನ್ನೂ 3×17 = 51ರಿಂದ ಗುಣಿಸಿದರೆ ಮೂಲ ಸಂಖ್ಯೆಗೆ 31161² + 4080².

ಇಷ್ಟೇ ಅಲ್ಲ. 17² = 15² + 8². ಎರಡು ವರ್ಗಗಳ ಮೊತ್ತವಾದ ಸಂಖ್ಯೆಗಳನ್ನು ಗುಣಿಸಿದರೆ ಅಂಥದ್ದೇ ಮೊತ್ತ ಸಿಗುತ್ತದೆ ಎನ್ನುವ ಬ್ರಹ್ಮಗುಪ್ತನ ಸೂತ್ರದಂತೆ (15, 8) ಮತ್ತು (611, 80) ಜೋಡಿಗಳನ್ನು ಗುಣಿಸಿದರೆ (9805, 3688), (8525, 6088) ಬರುತ್ತವೆ. ಉಳಿದ 3²ಕ್ಕಾಗಿ ಮೂರರಿಂದ ಗುಣಿಸಿದರೆ 29415² + 11064² ಮತ್ತು 25575² + 18264². ಒಟ್ಟು ಮೂರೇ ಬಗೆ. ಬಗೆಗಳನ್ನು ಎಣಿಸುವ ಸೂತ್ರ ಹಾಕಿದರೆ 24 ಬರುತ್ತದೆ. ಅದು ಧನ-ಋಣ ಚಿಹ್ನೆ ಮತ್ತು ಕ್ರಮ ಬದಲಿಸಿ ಪ್ರತಿ ಜೋಡಿಯನ್ನೂ ಎಂಟು ಸಲ ಎಣಿಸಿದ ಲೆಕ್ಕ.